ಅಜ್ಜನ ರಿವಾಲ್ವರ್: ಉಜ್ಜಿಸಬೇಕೇ, ಹಾಗೇ ಇಡಬೇಕೇ?

(ಉಡುಪಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಕೋವಿ ಅಂದರೆ ಹೆಚ್ಚಾಗಿ ತೋಟಕ್ಕೆ ಬರುವ ಹಂದಿಯ ಕಾಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಇಟ್ಟುಕೊಂಡದ್ದು. ರಿವಾಲ್ವರ್ ಇರುವ ಮನೆ ಕಡಿಮೆ. ಗುತ್ತಿನ ಮನೆಗಳಲ್ಲಿ (ಊರಿನ ಹಳೆಯ ಯಜಮಾನಿಕೆಯ ದೊಡ್ಡ ಮನೆಗಳು), ಘಟ್ಟದ ಮೇಲೆ ಎಸ್ಟೇಟ್ ಇದ್ದವರಲ್ಲಿ, ಮಿಲಿಟರಿ ಅಥವಾ ಪೊಲೀಸ್ ಇಲಾಖೆಯಲ್ಲಿ ಇದ್ದು ಬಂದವರಲ್ಲಿ ಒಂದೊಂದು ಸಿಗುತ್ತದೆ. ಹಿರಿಯರು ತೀರಿಹೋದ ಮೇಲೆ ಕಪಾಟಿನ ತಳದಿಂದ ಚರ್ಮದ ಚೀಲದ ಸಮೇತ ಅದು ಹೊರಗೆ ಬರುತ್ತದೆ. ಬಣ್ಣ ಹೋಗಿರುತ್ತದೆ, ಅಲ್ಲಲ್ಲಿ ಕೆಂಪು ತುಕ್ಕು, ಚೀಲ ತಾಗಿದಲ್ಲಿ ಸಣ್ಣ ಸಣ್ಣ ಗುಂಡಿ. ಆಗ ಮನೆಯವರು ಕೇಳುವ ಮಾತು ಒಂದೇ: “ಇದಕ್ಕೆ ಬಣ್ಣ ಮಾಡಿಸಿದರೆ ಹೊಸದರ ಹಾಗೆ ಆಗ್ತದಲ್ಲ?”

ಆಗ್ತದೆ. ಆದರೆ ಬಣ್ಣಕ್ಕೆ ಮುಂಚೆ ಏನಾಗ್ತದೆ ಎನ್ನುವುದನ್ನು ಯಾರೂ ಕೇಳುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ರಿವಾಲ್ವರಿನ ಮೇಲಿನ ಆ ಕಡುನೀಲಿ ಪೇಂಟಲ್ಲ. ಉಕ್ಕಿನ ಮೇಲ್ಮೈಯೇ ಕಪ್ಪು ಐರನ್ ಆಕ್ಸೈಡ್ ಆಗಿ ಬದಲಾದ ಪದರ ಅದು. ದಪ್ಪ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಇಷ್ಟು ತೆಳುವಾದ ಪದರ ಯಾವ ಗುಂಡಿಯನ್ನೂ ತುಂಬುವುದಿಲ್ಲ, ಯಾವ ಗೀರನ್ನೂ ಮುಚ್ಚುವುದಿಲ್ಲ. ಕೆಳಗಿನ ಉಕ್ಕು ಹೇಗಿದೆಯೋ ಹಾಗೆಯೇ ತೋರಿಸುತ್ತದೆ. ಹಾಗಾಗಿ ಹೊಸದರಂತೆ ಕಾಣಬೇಕಾದರೆ ಮೊದಲು ಉಕ್ಕನ್ನು ಗುಂಡಿಯ ಆಳದವರೆಗೆ ಉಜ್ಜಿ ಇಳಿಸಬೇಕು. ತುಕ್ಕಿನ ಗುಂಡಿ 0.1 ಮಿಲಿಮೀಟರ್ ಆಳ ಇದ್ದರೆ ಆ ಭಾಗದ ಉಕ್ಕೆಲ್ಲ 0.1 ಮಿಲಿಮೀಟರ್ ಹೋಗಬೇಕು. ಕಾರ್ಖಾನೆಯ ಹೆಸರು, ಮದ್ದಿನ ಒತ್ತಡ ತಡೆಯುತ್ತದೆಯೇ ಎಂದು ಪರೀಕ್ಷಿಸಿ ಒತ್ತಿದ ಮೊಹರು, ನಂಬರ್ ಇವೆಲ್ಲದರ ಆಳವೂ ಅದಕ್ಕಿಂತ ಬಹಳ ಹೆಚ್ಚೇನಲ್ಲ. ಬಣ್ಣ ಬೇಕೇ ಬೇಡವೇ ಎಂದು ಕೇಳಿದರೆ ಉತ್ತರ ಸುಲಭ. ಎಷ್ಟು ಉಕ್ಕು ಕಳೆದುಕೊಳ್ಳಲು ತಯಾರಿದ್ದೀರಿ ಎಂದು ಕೇಳಿಕೊಳ್ಳಿ.

ಅದಕ್ಕೂ ಮುಂಚೆ ಕಾಗದಪತ್ರ. ಇದನ್ನು ಬೇಗ ಮುಗಿಸುತ್ತೇನೆ. ಲೈಸೆನ್ಸ್ ವ್ಯಕ್ತಿಯ ಹೆಸರಿಗೆ ಇರುವುದು, ಮನೆಗಲ್ಲ. ಅವರು ತೀರಿಕೊಂಡ ದಿನದಿಂದ ಮನೆಯವರ ಬಳಿ ಇರುವ ಆ ಆಯುಧಕ್ಕೆ ಲೈಸೆನ್ಸ್ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಆಮೇಲೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ವಾರಸುದಾರರ ಹೆಸರಿಗೆ ಅರ್ಜಿ. ಮಂಗಳೂರು ನಗರ ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಕಮಿಷನರರಿಗೆ, ಉಡುಪಿಯವರು ಜಿಲ್ಲಾಧಿಕಾರಿಗಳಿಗೆ. ಹಿರಿಯರು ಬದುಕಿದ್ದರೆ ಇನ್ನೂ ಸುಲಭ. ಅವರಿಗೆ 70 ವರ್ಷ ಆಗಿದ್ದರೆ ಅಥವಾ ಕೋವಿ ಅವರ ಹೆಸರಿನಲ್ಲಿ 25 ವರ್ಷ ಇದ್ದರೆ, ಅವರಿರುವಾಗಲೇ ವಾರಸುದಾರರಿಗೆ ಲೈಸೆನ್ಸ್ ಕೇಳಬಹುದು. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಪಿತ್ರಾರ್ಜಿತ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ನಮ್ಮ ಅಳಿಯಸಂತಾನದ, ಅಂದರೆ ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ ಹೋಗುವ ಮನೆಗಳಲ್ಲಿ “ಮಾವನದ್ದು ಅಳಿಯನಿಗೆ” ಎಂಬ ಮಾತು ಚಾವಡಿಯಲ್ಲಿ ನಡೆದೀತು, ಲೈಸೆನ್ಸ್ ಕಚೇರಿ ನೋಡುವುದು ನಿಯಮದಲ್ಲಿ ಬರೆದ ವಾರಸುದಾರರ ಪಟ್ಟಿಯನ್ನು.

“ಇದು ಆಂಟಿಕ್, ಲೈಸೆನ್ಸ್ ಬೇಡ” ಎನ್ನುವವರಿಗೆ ಒಂದು ಮಾತು. ಕಾಯಿದೆಯ 45ನೇ ಸೆಕ್ಷನ್ ಕೊಡುವ ವಿನಾಯಿತಿ ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದ ವಸ್ತುವಿಗೆ ಮಾತ್ರ. 1920ರ .32 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ) ರಿವಾಲ್ವರಿಗೆ ಇವತ್ತೂ ತೋಟೆ, ಅಂದರೆ ಗುಂಡು ಸಿಗುತ್ತದೆ, ಹಾಗಾಗಿ ಅದು ಆ ಗುಂಪಿಗೆ ಬರುವುದಿಲ್ಲ. ಮೊದಲ ಮಹಾಯುದ್ಧದ ಕಾಲದ .455 ವೆಬ್ಲಿ ಎಂಬ ಬ್ರಿಟಿಷ್ ರಿವಾಲ್ವರ್ ಆದರೆ ಅದು ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸಿನಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಬಣ್ಣದ ವಿಚಾರ ಆಮೇಲೆ, ಮೊದಲು ವಕೀಲರನ್ನು ನೋಡಿ.

ಕಾಗದ ಸರಿ ಆಯಿತು ಅಂದುಕೊಳ್ಳೋಣ. ಈಗ ನೋಡುವ ಕೆಲಸ. ನನ್ನ ಪ್ರಕಾರ ನಿರ್ಧಾರದ ಮುಕ್ಕಾಲು ಪಾಲು ಇಲ್ಲೇ ಆಗುತ್ತದೆ.

ಮೊದಲು ಸಿಲಿಂಡರ್, ಅಂದರೆ ತೋಟೆ ಹಾಕುವ ತಿರುಗುವ ಭಾಗ, ತೆರೆದು ಒಂದೊಂದು ಕೋಣೆಗೂ ಬೆಳಕು ಹಾಯಿಸಿ ಖಾಲಿ ಎಂದು ಖಚಿತ ಮಾಡಿಕೊಳ್ಳಿ. ತುಕ್ಕು ಹಿಡಿದು ತೆರೆಯಲು ಬಾರದಿದ್ದರೆ ಒಳಗೆ ತೋಟೆ ಇದೆ ಎಂದೇ ತಿಳಿಯಬೇಕು. ಬಡಿಯಬೇಡಿ, ಸ್ಪ್ಯಾನರ್ ಹಾಕಬೇಡಿ. ಅದು ಲೈಸೆನ್ಸ್ ಇರುವ ರಿಪೇರಿಯವರ ಕೆಲಸ.

ಆಮೇಲೆ ಹಿಡಿಯ ಎರಡು ಹಲಗೆ ಬಿಚ್ಚಿ. ಬೆಳಕು, ಬೆವರು, ಉಜ್ಜಾಟ ಯಾವುದೂ ತಾಗದ ಜಾಗ ಅದು. ಕಾರ್ಖಾನೆಯ ಮೂಲ ಬಣ್ಣ ಅಲ್ಲಿ ಉಳಿದಿರುತ್ತದೆ. ಹೊರಗಿನದನ್ನು ಅದರ ಜೊತೆ ಹೋಲಿಸಿ. ನಳಿಗೆಯ ತುದಿ ಮತ್ತು ಸಿಲಿಂಡರಿನ ಏಣುಗಳಲ್ಲಿ ಬಣ್ಣ ಹೋಗಿ ಬಿಳಿ ಉಕ್ಕು ಕಂಡರೆ ಅದು ಚೀಲದಲ್ಲಿ ಹಾಕಿ ತೆಗೆದದ್ದರ ಸವೆತ. ಹಿಡಿಯ ಹಿಂಭಾಗ ಕಂದು ಬಣ್ಣವಾಗಿ ನುಣ್ಣಗಿದ್ದರೆ ಅದು ಕೈಯ ಬೆವರು. ಎರಡೂ ರೋಗವಲ್ಲ. ರೋಗ ಯಾವುದೆಂದು ತಿಳಿಯಲು ಒಂದು ತೊಟ್ಟು ತೆಳು ಎಣ್ಣೆ ಹಾಕಿ, ಐದು ನಿಮಿಷ ಬಿಟ್ಟು, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಿತ್ತಳೆ ಬಣ್ಣವಾದರೆ ತುಕ್ಕು ಈಗಲೂ ತಿನ್ನುತ್ತಿದೆ. ಬಟ್ಟೆಗೆ ಬರೀ ಮಾಸಲು ಎಣ್ಣೆ ಹತ್ತಿದರೆ ಆ ಕಂದು ಪದರ ನಿಂತುಹೋಗಿದೆ, ಅದನ್ನು ಮುಟ್ಟುವ ಅಗತ್ಯವೇ ಇಲ್ಲ.

ಈಗ ಒಂದು ಭೂತಗನ್ನಡಿ ಹಿಡಿದು ಮೊಹರುಗಳನ್ನು ನೋಡಿ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ್ದಾದರೆ ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಎಂಬ ಅಕ್ಷರಗಳು ಇರುತ್ತವೆ. ಎನ್‌ಪಿ ಇದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷೆ ಮಾಡಿದ್ದು ಎಂದರ್ಥ. ಬೆಲ್ಜಿಯಂನ ಲಿಯೇಜ್‌ನದಾದರೆ ಮೊಟ್ಟೆಯಾಕಾರದ ಗೆರೆಯೊಳಗೆ ಇಎಲ್‌ಜಿ. ಅಕ್ಷರದ ಅಂಚು ಚೂಪಾಗಿದ್ದರೆ ಈ ಮೈಯನ್ನು ಯಾರೂ ಉಜ್ಜಿಲ್ಲ. ಅಂಚು ಕರಗಿದಂತಿದ್ದು, ಅಕ್ಷರದ ಒಂದು ಕಡೆ ಬಾಲ ಎಳೆದಂತೆ ನೆರಳು ಕಂಡರೆ ಹೊಳಪು ಕೊಡುವ ಯಂತ್ರದ ಬಫಿಂಗ್ ಚಕ್ರ ಅಲ್ಲಿ ಓಡಿದೆ. ಸ್ಕ್ರೂ ಕೂರುವ ತೂತಿನ ಬಾಯಿ ಬಸಿಯ ಹಾಗೆ ತಗ್ಗಾಗಿದ್ದರೂ ಅದೇ ಕಥೆ. ಅಮೆರಿಕದ ಸ್ಮಿತ್ ಆ್ಯಂಡ್ ವೆಸ್ಸನ್‌ ಕಂಪನಿಯ ರಿವಾಲ್ವರಿನ ಪಕ್ಕದ ಮುಚ್ಚಳದ ಸಂದು ಕೂದಲೆಳೆಯಂತೆ ಇರಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಅಂಚು ದುಂಡಾಗಿದ್ದರೆ ಹಿಂದೆ ಯಾರೋ ಪಾಲಿಶ್ ಮಾಡಿದ್ದಾರೆ. ಅದೇ ಕಂಪನಿಯ ರಿವಾಲ್ವರಿನ ಹಿಡಿಯ ತಳದಲ್ಲಿ ನಕ್ಷತ್ರದ ಗುರುತು ಇದ್ದರೆ ಕಾರ್ಖಾನೆಗೇ ವಾಪಸ್ ಹೋಗಿ ಬಂದದ್ದು. ಬ್ರಿಟಿಷ್ ಮಿಲಿಟರಿಯ ಎನ್‌ಫೀಲ್ಡ್ ರಿವಾಲ್ವರಿನಲ್ಲಿ ಎಫ್‌ಟಿಆರ್ ಮತ್ತು ಇಸವಿ ಇದ್ದರೆ ಸರಕಾರಿ ಕಾರ್ಖಾನೆಯಲ್ಲಿ ಪೂರ್ತಿ ರಿಪೇರಿಯಾಗಿದೆ. ಆ ಕಪ್ಪು ಬಣ್ಣ ನಿಜವಾಗಿಯೂ ಪೇಂಟ್ ಆಗಿರಬಹುದು.

ಈ ಪರೀಕ್ಷೆ ಏಕೆ ಮುಖ್ಯ? ಮೂಲ ಮೇಲ್ಮೈ ಒಮ್ಮೆ ಹೋದರೆ ಹೋಯಿತು. ಅರ್ಧದಷ್ಟಾದರೂ ಮೂಲ ಬಣ್ಣ ಉಳಿದಿದ್ದು ಅಕ್ಷರಗಳು ಚೂಪಾಗಿದ್ದರೆ ಉಜ್ಜಿಸಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ರೆಜಿಮೆಂಟಿನ ಗುರುತು, ಯಾರಿಗೋ ಬಹುಮಾನ ಕೊಟ್ಟ ಕೆತ್ತನೆ ಇದ್ದರಂತೂ ಕೇಳುವುದೇ ಬೇಡ. ಯುದ್ಧಕಾಲದ ಎನ್‌ಫೀಲ್ಡ್ ಮೈಮೇಲೆ ಯಂತ್ರದ ಗೀರುಗಳು ಕಾಣುತ್ತವೆ. ಅದು ಅವಸರದಲ್ಲಿ ತಯಾರಾದದ್ದರ ಗುರುತು, ದೋಷವಲ್ಲ. ಅದನ್ನು ನುಣ್ಣಗೆ ಮಾಡಿಸಿದವರು ದುಡ್ಡು ಕೊಟ್ಟು ಅದರ ಚರಿತ್ರೆಯನ್ನು ಅಳಿಸಿಸಿಕೊಂಡ ಹಾಗೆ.

ನಂಬರಿನ ವಿಷಯ ಬೇರೆಯೇ. ಕಾಯಿದೆಯ 8ನೇ ಸೆಕ್ಷನ್ ಪ್ರಕಾರ ಬಂದೂಕಿನ ಮೇಲಿನ ಹೆಸರು, ನಂಬರ್, ಗುರುತಿನ ಚಿಹ್ನೆಯನ್ನು ಅಳಿಸುವುದು, ತೆಗೆಯುವುದು, ಬದಲಿಸುವುದು ಅಪರಾಧ. ಅಳಿಸಿದ ಬಂದೂಕು ಯಾರ ಬಳಿ ಇದೆಯೋ ಅವರೇ ಅಳಿಸಿದರು ಎಂದು ಕಾನೂನು ಮೊದಲು ಊಹಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. “ಪಾಲಿಶ್‌ನಲ್ಲಿ ಹೋಯಿತು ಸರ್” ಎಂದರೆ ಕೇಳುವವರಿಲ್ಲ. ಮಾಸಿದ ನಂಬರನ್ನು ನೀವೇ ಪಂಚ್ ಹಾಕಿ ಆಳ ಮಾಡಿಸುವುದೂ ಬೇಡ. ಯಾವ ಕೆಲಸಕ್ಕೂ ಮುಂಚೆ ನಂಬರ್ ಮತ್ತು ಮೊಹರುಗಳ ಹತ್ತಿರದ ಫೋಟೊ ತೆಗೆದು, ಲೈಸೆನ್ಸ್ ಪುಸ್ತಕದ ನಂಬರಿಗೆ ತಾಳೆ ನೋಡಿ ಇಟ್ಟುಕೊಳ್ಳಿ.

ಉಜ್ಜಿಸುವುದು ಬೇಡ ಎಂದಾದರೆ ತುಕ್ಕನ್ನು ಹಾಗೇ ಬಿಡುವುದೇ? ಖಂಡಿತ ಇಲ್ಲ. ಇಲ್ಲಿಯೇ ಹೆಚ್ಚಿನವರು ಕೆಡಿಸುವುದು. ಅಡುಗೆಮನೆಯಿಂದ ಹುಣಸೆಹುಳಿ ತರುತ್ತಾರೆ, ನಿಂಬೆಹುಳಿ ತರುತ್ತಾರೆ, ಹಾರ್ಡ್‌ವೇರ್ ಅಂಗಡಿಯಿಂದ ರಸ್ಟ್ ರಿಮೂವರ್ ತರುತ್ತಾರೆ. ಕೆಂಪು ತುಕ್ಕೂ ಐರನ್ ಆಕ್ಸೈಡ್, ನೀಲಿ ಬಣ್ಣವೂ ಐರನ್ ಆಕ್ಸೈಡ್. ಆಮ್ಲಕ್ಕೆ ಇವೆರಡರ ವ್ಯತ್ಯಾಸ ಗೊತ್ತಿಲ್ಲ. ತುಕ್ಕು ಹೋಗುವಾಗ ಉಳಿದಿದ್ದ ಬಣ್ಣವೂ ಹೋಗಿ ಉಕ್ಕು ಬೂದಿ ಬಣ್ಣಕ್ಕೆ ಬರುತ್ತದೆ. ನಿಕ್ಕಲ್ ಲೇಪನದ ರಿವಾಲ್ವರಿಗೆ ಹಿತ್ತಾಳೆ ಪಾಲಿಶ್ ಹಾಕುವುದು ಇನ್ನೊಂದು ತಪ್ಪು. ಅಂಥ ಪಾಲಿಶ್‌ಗಳಲ್ಲಿ ಅಮೋನಿಯ ಇರುತ್ತದೆ. ನಿಕ್ಕಲ್ ಅಡಿಯಲ್ಲಿ ತಾಮ್ರದ ಪದರ ಇದ್ದರೆ ಅದು ಬಿರುಕಿನಿಂದ ಒಳಗೆ ಹೋಗಿ ತಾಮ್ರವನ್ನು ಕರಗಿಸುತ್ತದೆ, ನಿಕ್ಕಲ್ ಹೊಪ್ಪಳೆಯಾಗಿ ಏಳುತ್ತದೆ.

ಬಣ್ಣ ಉಳಿಸಿ ತುಕ್ಕು ನಿಲ್ಲಿಸಲು ಒಳ್ಳೆಯ ದಾರಿ ಕುದಿಸುವುದು. ಕೆಂಪು ತುಕ್ಕನ್ನು ಕುದಿಯುವ ಶುದ್ಧ ನೀರಿನಲ್ಲಿ ಇಟ್ಟರೆ ಅದು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಹಿಡಿಯ ಹಲಗೆ ತೆಗೆಯಿರಿ. ಮರ, ದಂತ, ಎಬೊನೈಟ್ (ಗಟ್ಟಿ ರಬ್ಬರ್) ಯಾವುದೂ ಬಿಸಿನೀರಿಗೆ ಹೋಗಬಾರದು. ಒಳಗಿನ ಯಂತ್ರಭಾಗ ಬಿಚ್ಚುವುದನ್ನು ರಿಪೇರಿಯವರಿಗೆ ಬಿಡಿ. ಕುದಿಸಬೇಕಾದ ಭಾಗವನ್ನು ಅಸಿಟೋನ್‌ನಲ್ಲಿ ಜಿಡ್ಡು ಹೋಗುವಂತೆ ತೊಳೆದು, ಅಲ್ಲಿಂದ ಮುಂದೆ ಕೈಗವಸು ಹಾಕಿಯೇ ಮುಟ್ಟಬೇಕು. ಅಸಿಟೋನ್ ಕೆಲಸ ಅಂಗಳದಲ್ಲಿ, ಒಲೆಯಿಂದ ದೂರ. ಸ್ಟೀಲ್ ಪಾತ್ರೆಯಲ್ಲಿ ಡಿಸ್ಟಿಲ್ಡ್ ನೀರು ತುಂಬಿ, ಅಂದರೆ ಬ್ಯಾಟರಿಗೆ ಹಾಕುವ ನೀರು, ಐದು ಲೀಟರಿನ ಒಂದು ಕ್ಯಾನ್ ಸಾಕು. ಬಾವಿನೀರು ಬೇಡ, ಅದರಲ್ಲಿನ ಲವಣ ಕಲೆ ಬಿಡುತ್ತದೆ, ಕಡಲ ಹತ್ತಿರದ ಬಾವಿಯಾದರೆ ಉಪ್ಪಿನಂಶ ಬೇರೆ. ಭಾಗವನ್ನು ತಂತಿಯಲ್ಲಿ ತೂಗುಬಿಟ್ಟು, ತಳಕ್ಕೆ ತಾಗದಂತೆ, 15ರಿಂದ 20 ನಿಮಿಷ ಕುದಿಸಿ. ಹೊರತೆಗೆದಾಗ ಇಟ್ಟಿಗೆ ಬಣ್ಣದ ಕಲೆಗಳು ಮಖಮಲ್ಲಿನಂಥ ಕಪ್ಪಾಗಿರುತ್ತವೆ. ಲೋಹದ ಬಿಸಿಗೆ ನೀರು ತಾನಾಗಿ ಆರುತ್ತದೆ. ಆ ಕಪ್ಪು ಪುಡಿಯನ್ನು ನಾಲ್ಕು ಸೊನ್ನೆಯ ಸ್ಟೀಲ್ ವೂಲ್‌ನಿಂದ ಹಗುರವಾಗಿ ಒರೆಸಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಅಲ್ಲ, ಅದು ಗೀರುತ್ತದೆ. ಸ್ಟೀಲ್ ವೂಲ್‌ಗೂ ಕಾರ್ಖಾನೆಯ ಎಣ್ಣೆ ಹಚ್ಚಿರುತ್ತಾರೆ, ಮೊದಲು ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿಕೊಳ್ಳಿ. ಕೆಂಪು ಮತ್ತೆ ಕಂಡರೆ ಇನ್ನೊಮ್ಮೆ, ಮಗದೊಮ್ಮೆ. ಕೊನೆಗೆ ಬಿಸಿ ಇರುವಾಗಲೇ ತೆಳು ಖನಿಜ ಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಗುಂಡಿಗಳು ಗುಂಡಿಗಳಾಗಿಯೇ ಇರುತ್ತವೆ, ಆದರೆ ಕಪ್ಪಾಗಿ, ಸತ್ತ ತುಕ್ಕಿನೊಂದಿಗೆ. ನಿಕ್ಕಲ್ ಲೇಪನದ್ದಕ್ಕೆ ಈ ವಿಧಾನ ಅಲ್ಲ.

ಇನ್ನು ಉಜ್ಜಿಸುವುದೇ ಸರಿ ಎನ್ನುವ ಸಂದರ್ಭಗಳೂ ಇವೆ. ಹಿಂದೆ ಯಾರೋ ಕೆಟ್ಟದಾಗಿ ಕ್ರೋಮ್ ಮಾಡಿಸಿ ಈಗ ಏಳುತ್ತಿದೆ. ಮೊಹರು ಆಗಲೇ ಅರ್ಧ ಹೋಗಿದೆ. ಮೂಲ ಬಣ್ಣ ಹಿಡಿಯ ಕೆಳಗೆ ಬಿಟ್ಟು ಬೇರೆಲ್ಲೂ ಇಲ್ಲ. ಅಥವಾ ಆತ್ಮರಕ್ಷಣೆಗೆಂದು ದಿನವೂ ಒಯ್ಯುವ ರಿವಾಲ್ವರ್, ಬರಿಯ ಉಕ್ಕು ನಮ್ಮ ಗಾಳಿಗೆ ನಿಲ್ಲುತ್ತಿಲ್ಲ. ಇಂಥ ಕಡೆ ಕಳೆದುಕೊಳ್ಳುವುದು ಏನೂ ಉಳಿದಿಲ್ಲ, ಧೈರ್ಯವಾಗಿ ಮಾಡಿಸಿ.

ಯಾವ ವಿಧಾನ? ಹಳೆಯ ಬ್ರಿಟಿಷ್ ರಿವಾಲ್ವರಿಗೆ ನಾನು ನಿಧಾನದ ರಸ್ಟ್ ಬ್ಲೂ ಎನ್ನುತ್ತೇನೆ. ದ್ರಾವಣ ಸವರಿ, ನವಿರಾದ ತುಕ್ಕು ಬರಿಸಿ, ಕುದಿಸಿ, ಒರೆಸಿ, ಮತ್ತೆ ಸವರಿ, ಹೀಗೆ ಐದಾರು ಸುತ್ತು. ಒಣ ಹವೆಯ ಊರುಗಳಲ್ಲಿ ತುಕ್ಕು ಬರಿಸಲು ತೇವದ ಪೆಟ್ಟಿಗೆ ಕಟ್ಟುತ್ತಾರೆ. ಇಲ್ಲಿ ಆಟಿ ತಿಂಗಳ ಜೋರು ಮಳೆಯಲ್ಲಿ ಅದರ ಅಗತ್ಯವೇ ಇಲ್ಲ, ತೊಂದರೆ ಉಲ್ಟಾ: ರಾತ್ರಿಯಿಡೀ ಬಿಟ್ಟರೆ ತುಕ್ಕು ಒರಟಾಗಿ ಬೆಳೆದು ಹೊಸ ಗುಂಡಿಯನ್ನೇ ಕೊರೆಯುತ್ತದೆ. ಮಳೆಗಾಲದಲ್ಲಿ ಗಂಟೆಗೊಮ್ಮೆ ನೋಡಬೇಕು. ಡಿಸೆಂಬರ್, ಜನವರಿಯಲ್ಲಿ ಮಾಡಿಸಿದರೆ ಹಿಡಿತದಲ್ಲಿರುತ್ತದೆ.

ಕಾಸ್ಟಿಕ್ ಸೋಡ ಮತ್ತು ನೈಟ್ರೇಟ್ ಉಪ್ಪಿನ ಬಿಸಿ ದ್ರಾವಣದಲ್ಲಿ, ಸುಮಾರು 135ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡುವ ಹಾಟ್ ಬ್ಲೂ ಬೇಗ ಮುಗಿಯುತ್ತದೆ, ಸಮನಾಗಿಯೂ ಬರುತ್ತದೆ. ಆದರೆ ಮೆದು ಬೆಸುಗೆ ಹಾಕಿ ಕೂರಿಸಿದ ಭಾಗವಿದ್ದರೆ ಕಾಸ್ಟಿಕ್ ಆ ಬೆಸುಗೆಯನ್ನು ತಿನ್ನುತ್ತದೆ. ಗಟ್ಟಿ ಮಾಡಿದ ಭಾಗಗಳು ನೀಲಿಯ ಬದಲು ನೇರಳೆಗೆ ತಿರುಗಬಹುದು. ನಳಿಗೆ ಚೌಕಟ್ಟಿಗೆ ಸೇರುವ ಮರೆಯ ಸಂದಿನಲ್ಲಿ ಉಪ್ಪು ಉಳಿದರೆ ಕೆಲವು ವಾರಗಳ ಮೇಲೆ ಬಿಳಿ ಹೂವಿನ ಹಾಗೆ ಹೊರಬರುತ್ತದೆ, ಕರಾವಳಿಯ ತೇವಕ್ಕೆ ಅಲ್ಲಿಂದಲೇ ಹೊಸ ತುಕ್ಕು ಶುರು. ಬಾಟಲಿಯಲ್ಲಿ ಬರುವ, ಬಿಸಿ ಮಾಡದೆ ಹಚ್ಚುವ ಕೋಲ್ಡ್ ಬ್ಲೂ ಒಂದೆರಡು ಗೀರಿಗೆ ಸರಿ; ಇಡೀ ಮೈಗೆ ಹಚ್ಚಿದರೆ ಮಚ್ಚೆ ಮಚ್ಚೆಯಾಗಿ ಬಂದು ಬೇಗ ಸವೆಯುತ್ತದೆ.

ಕ್ರೋಮ್ ಬೇಡವೇ ಬೇಡ. ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯ ಕಡೆ ಗಾಡಿಯ ಭಾಗಗಳಿಗೆ ಮಾಡುತ್ತಾರಲ್ಲ ಎಂದು ಯೋಚಿಸುವವರಿದ್ದಾರೆ. ಮೊದಲನೆಯದು, ಬಂದೂಕಿನ ರಿಪೇರಿಗೇ ಪ್ರತ್ಯೇಕ ಲೈಸೆನ್ಸ್ ಬೇಕು. ಪ್ಲೇಟಿಂಗ್ ಅಂಗಡಿಯಲ್ಲಿ ರಿವಾಲ್ವರ್ ಬಿಟ್ಟು ಬಂದರೆ ಇಬ್ಬರಿಗೂ ಕೇಸು. ಎರಡನೆಯದು, ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಸ್ಪ್ರಿಂಗ್‌ನಂಥ ಗಟ್ಟಿ ಭಾಗ ಪೆಡಸಾಗಿ ಮುರಿಯುತ್ತದೆ. ಲೇಪನದ ಕೂಡಲೇ ಸುಮಾರು 190 ಡಿಗ್ರಿಯಲ್ಲಿ ಹಲವು ಗಂಟೆ ಕಾಯಿಸಿದರೆ ಹೈಡ್ರೋಜನ್ ಹೋಗುತ್ತದೆ, ಗಾಡಿಯ ಬಂಪರಿಗೆ ಲೇಪನ ಮಾಡುವಲ್ಲಿ ಅದನ್ನು ಯಾರು ಮಾಡುತ್ತಾರೆ? ಮೂರನೆಯದು, ಲೇಪನದ ದಪ್ಪ ಸಿಲಿಂಡರ್ ತಿರುಗುವ ಜಾಗದ ಬಿಗಿತವನ್ನೇ ಬದಲಿಸುತ್ತದೆ.

ಕೆಲಸ ಕೊಡುವಾಗ ಬರೆದು ಕೊಡಿ: ಬಫಿಂಗ್ ಚಕ್ರ ಬೇಡ. ಪಾಲಿಶ್ ಪೇಪರ್ 240, 320, 400 ಕ್ರಮದಲ್ಲಿ, ಹಿಂದೆ ಮರದ ತುಂಡು ಅಥವಾ ಅರದ ಆಸರೆ ಇಟ್ಟು, ಉದ್ದುದ್ದಕ್ಕೆ. ಪಕ್ಕದ ಮುಚ್ಚಳವೂ ಸ್ಕ್ರೂಗಳೂ ಜಾಗದಲ್ಲೇ ಇರಲಿ, ಆಗ ಅಂಚು ದುಂಡಾಗುವುದಿಲ್ಲ. ಅಕ್ಷರಗಳ ಸುತ್ತ ಗುಂಡಿ ಉಳಿದರೆ ಉಳಿಯಲಿ. ಸಿಲಿಂಡರಿನ ಮುಂದಿನ ಮುಖ, ನಳಿಗೆಯ ಹಿಂದಿನ ತುದಿ, ಕೋಣೆಗಳ ಒಳಭಾಗ ಮುಟ್ಟಬಾರದು. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದು ಸಾಮಾನ್ಯವಾಗಿ 0.1ರಿಂದ 0.25 ಮಿಲಿಮೀಟರ್, ಅಲ್ಲಿ ಉಜ್ಜಿದರೆ ಸಂದು ದೊಡ್ಡದಾಗಿ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. ಬ್ರಿಟಿಷ್ ಸ್ಕ್ರೂಗಳ ಎಳೆ ನಮ್ಮ ಅಂಗಡಿಯ ಮೆಟ್ರಿಕ್ ಎಳೆ ಅಲ್ಲ, ಒಂದು ಹಾಳಾದರೆ ಲೇಥ್‌ನಲ್ಲಿ ಹೊಸದಾಗಿ ಮಾಡಿಸಬೇಕು. ಒಂದು ಎಚ್ಚರಿಕೆ: ಹೊಸ ನೀಲಿ ಉಕ್ಕಿಗೆ ಬಲ ಕೊಡುವುದಿಲ್ಲ. ಹೊಗೆರಹಿತ ಮದ್ದು ಬರುವ ಮುಂಚಿನ, ಕರಿಮದ್ದಿನ ಕಾಲದ ರಿವಾಲ್ವರ್ ಎಷ್ಟು ಹೊಳೆದರೂ ಈಗಿನ ತೋಟೆಗೆ ತಕ್ಕದ್ದಾಗುವುದಿಲ್ಲ.

ಸಭೆಯಿಂದ ಬಂದ ಪ್ರಶ್ನೆಗಳು.

“ಲೈಸೆನ್ಸ್ ತಂದೆಯವರದ್ದು, ಅವರಿಗೆ ಓಡಾಡಲು ಆಗುವುದಿಲ್ಲ. ರಿಪೇರಿಗೆ ನಾನು ಒಯ್ಯಬಹುದೇ?” ಒಯ್ಯಬಹುದು. ರಿಪೇರಿಗೆ ಅಥವಾ ಲೈಸೆನ್ಸ್ ನವೀಕರಣಕ್ಕೆ, ಲೈಸೆನ್ಸ್‌ದಾರರು ಬರೆದುಕೊಟ್ಟ ಅಧಿಕಾರಪತ್ರ ಇದ್ದರೆ ಬೇರೆಯವರು ಒಯ್ಯಲು ಕಾಯಿದೆಯ 3ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಖಾಲಿ ಮಾಡಿ, ಬೀಗದ ಪೆಟ್ಟಿಗೆಯಲ್ಲಿ, ಮೂಲ ಲೈಸೆನ್ಸ್ ಜೊತೆಗೆ. ಅಂಗಡಿಯವರಿಂದ ನಂಬರ್ ಬರೆದ ರಸೀದಿ ಪಡೆಯಿರಿ. ಬರೆದುಕೊಟ್ಟವರು ತೀರಿಕೊಂಡರೆ ಆ ಪತ್ರಕ್ಕೆ ಬೆಲೆ ಇಲ್ಲ.

“ದಂತದ ಹಿಡಿ ಒಡೆದಿದೆ, ಬದಲಿಸಬಹುದೇ?” ತೆಗೆದಿಡಿ, ಎಸೆಯಬೇಡಿ, ಮಾರಬೇಡಿ. ದಂತ 1972ರ ವನ್ಯಜೀವಿ ಕಾಯಿದೆಗೆ ಬರುತ್ತದೆ, ಅದಕ್ಕೆ ಬೇರೆಯೇ ಮಾಲಿಕತ್ವದ ಪ್ರಮಾಣಪತ್ರ ಬೇಕು. ಬಳಕೆಗೆ ಬೀಟೆ ಮರದ ಹಲಗೆ ಮಾಡಿಸಿ.

“ಮನೆಯಲ್ಲಿ ತೆಂಗಿನೆಣ್ಣೆ ಹಚ್ಚುತ್ತಿದ್ದರು, ಸಾಲದೇ?” ಸಾಲದು. ತೆಂಗಿನೆಣ್ಣೆ ಕಾಲಕ್ರಮೇಣ ಕಮಟು ಹಿಡಿದು ಆಮ್ಲ ಬಿಡುತ್ತದೆ, ಜಿಗುಟಾಗಿ ಒಳಗಿನ ಯಂತ್ರ ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಅದಕ್ಕಿಂತ ವಾಸಿ, ಆದರೆ ತೆಳು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮತ್ತೆ ಸವರಬೇಕು. ಚರ್ಮದ ಚೀಲದಲ್ಲಿ ಮಾತ್ರ ಇಡಲೇಬೇಡಿ. ಹದ ಮಾಡುವಾಗ ಬಳಸಿದ ಆಮ್ಲ, ಉಪ್ಪು ಚರ್ಮದಲ್ಲಿ ಉಳಿದಿರುತ್ತವೆ, ಸಾಲದ್ದಕ್ಕೆ ಚರ್ಮ ತೇವವನ್ನೂ ಹೀರಿಕೊಳ್ಳುತ್ತದೆ. ಚೀಲ ಬೇರೆ, ರಿವಾಲ್ವರ್ ಬೇರೆ. ಬೀಗದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಿ.

“ಆಯುಧ ಪೂಜೆಗೆ ಗಂಧ, ಕುಂಕುಮ ಹಚ್ಚುತ್ತೇವೆ.” ಹಚ್ಚಿ, ಯಾರು ಬೇಡ ಅಂದರು? ಹಿಂದಿನ ದಿನ ಮೇಣ ಅಥವಾ ಎಣ್ಣೆ ಸವರಿಡಿ. ಗಂಧ ತೇದದ್ದು ನೀರಿನಲ್ಲಿ, ಹೂವಿನಲ್ಲೂ ನೀರಿದೆ. ಮರುದಿನದವರೆಗೆ ಬಿಟ್ಟರೆ ಬೊಟ್ಟಿನ ಆಕಾರದಲ್ಲೇ ತುಕ್ಕು ಮೂಡುತ್ತದೆ. ಮಂಗಳಾರತಿ ಆದ ಮೇಲೆ ಒರೆಸಿ ಮತ್ತೆ ಎಣ್ಣೆ. ನಂಬರಿನ ಗೆರೆಗಳೊಳಗೆ ಕುಂಕುಮ ಕೂತರೆ ಮೆತ್ತಗಿನ ಹಲ್ಲುಜ್ಜುವ ಬ್ರಷ್ ಸಾಕು.

“ಚುನಾವಣೆಗೆ ಠಾಣೆಯಲ್ಲಿ ಇಟ್ಟದ್ದು ವಾಪಸ್ ಬರುವಾಗ ತುಕ್ಕು ಹಿಡಿದಿರುತ್ತದೆ.” ಅಲ್ಲಿ ನೂರಾರು ಕೋವಿ ಒಟ್ಟಿಗೆ ಇರುತ್ತವೆ, ಒಂದೊಂದನ್ನು ಒರೆಸುತ್ತಾ ಕೂರಲು ಆಗುವುದಿಲ್ಲ. ಕೊಡುವ ಹಿಂದಿನ ದಿನ ನಳಿಗೆಯ ಒಳಗೂ ಹೊರಗೂ ಎಣ್ಣೆಯ ಬದಲು ತೆಳುವಾಗಿ ಗ್ರೀಸ್ ಸವರಿ, ಮೇಣದ ಕಾಗದದಲ್ಲಿ ಸುತ್ತಿ, ಹತ್ತಿಬಟ್ಟೆಯ ಚೀಲಕ್ಕೆ ಹಾಕಿ ಕೊಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆವರುತ್ತದೆ. ನಂಬರ್ ಬರೆದ ಚೀಟಿಯನ್ನು ಚೀಲದ ಹೊರಗೆ ಕಟ್ಟಿ. ವಾಪಸ್ ತಂದ ದಿನವೇ ಗ್ರೀಸ್ ಒರೆಸಿ ತೆಗೆದು, ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿ.